ಮುತ್ಯಾನ ಪಾಲಿನ ರೊಟ್ಟಿ

ಇಪ್ಪತ್ತು ವರ್ಷ ನಾನು ದಿನಾ ಬೆಳಗ್ಗೆ ಒಂದು ತಪ್ಪು ಮಾಡುತ್ತ ಬಂದೆ. ಮಾನವಿಯ ಶಾಲೆಯಲ್ಲಿ ಹಾಜರಿ ಹಿಡಿಯುವುದು ನನ್ನ ಮೊದಲ ಕೆಲಸ. ಹೆಸರು ಕೂಗುತ್ತೇನೆ; 'ಹಾಜರ್' ಎಂದವರಿಗೆ ಒಂದು ಗೀಟು, ಅನ್ನದವರಿಗೆ ಒಂದು ಸೊನ್ನೆ. ಸೊನ್ನೆ ಬರೆಯುವಾಗ ನನ್ನ ಕೈ ಒಂದು ದಿನವೂ ತಡೆದಿರಲಿಲ್ಲ. ಆದರೆ ನಮ್ಮ ಮಕ್ಕಳಿಗೆ ಈ ಸೊನ್ನೆ ಒಪ್ಪುವುದಿಲ್ಲ. ಬಾರದವನ ಹೆಸರು ಬಂದ ಕೂಡಲೇ ಅವನ ಪಕ್ಕದಲ್ಲಿ ಕೂಡುವವನು ಎದ್ದು ನಿಂತು, "ಅವ ಎಮ್ಮಿ ಕಾಯಾಕ ಹೋಗ್ಯಾನ್ರಿ" ಎಂದೋ, "ಅವರಕ್ಕನ ಊರಿಗಿ ಹೋಗ್ಯಾನ್ರಿ" ಎಂದೋ ವರದಿ ಒಪ್ಪಿಸುತ್ತಾನೆ. ಎಲ್ಲಿಗೆ ಹೋದ ಎಂದು ನಾನು ಕೇಳಲಿಲ್ಲ, ಬಂದಿದ್ದಾನೋ ಇಲ್ಲವೋ ಅಷ್ಟೇ ಹೇಳು ಎಂದು ನಾನು ಗದರುತ್ತಿದ್ದೆ. ಈಗ ಗದರುವುದಿಲ್ಲ. ನನ್ನನ್ನು ತಿದ್ದಿದವರು ಇನ್‌ಸ್ಪೆಕ್ಟರ್ ಸಾಹೇಬರಲ್ಲ, ನಮ್ಮ ಮುತ್ಯಾ. ಅವನನ್ನು ನಾನು ನೋಡಿಲ್ಲ. ನಮ್ಮಪ್ಪನೂ ನೋಡಿರಲಿಲ್ಲ.

ಮುತ್ಯಾ ಎಂದರೆ ನಮ್ಮಪ್ಪನ ಅಜ್ಜ, ಹೆಸರು ಮಾರೆಪ್ಪ. ದೇವದುರ್ಗದ ಕಡೆ ಕೃಷ್ಣಾ ಹೊಳೆಗೆ ಸಮೀಪದ ಒಂದು ಹಳ್ಳಿಯವನು. ಹಳ್ಳಿಯ ಹೆಸರು ಬರೆಯುವುದಿಲ್ಲ. ಅದಕ್ಕೆ ಕಾರಣ ಮುಂದೆ ತಿಳಿಯುತ್ತದೆ. ಕಂಪನಿ ಸರ್ಕಾರದವರು ನಮ್ಮ ಸೀಮೆಯನ್ನು ನಿಜಾಮರಿಂದ ಪಡೆದು ಕೆಲವು ವರ್ಷ ತಮ್ಮ ಕೈಯಲ್ಲಿಟ್ಟುಕೊಂಡಿದ್ದರಲ್ಲ, ಆ ಕಾಲದ ಮಾತು. ಹೆಂಡತಿ ರೊಟ್ಟಿ ಬಡಿಯುತ್ತಿದ್ದಳಂತೆ. ಹೊರಗೆ ಯಾರೋ ಕರೆದರಂತೆ. "ಬಂದೆ" ಎಂದು ಹೋದವನು ಬರಲಿಲ್ಲ. ಅವಳು ಅವನ ಪಾಲಿನ ರೊಟ್ಟಿಯನ್ನು ನೆಲವಿನಲ್ಲಿಟ್ಟಳು. ನೆಲವು ಎಂದರೆ ಗೊತ್ತಲ್ಲ, ಬೆಕ್ಕು ಮುಟ್ಟಬಾರದೆಂದು ತೊಲೆಗೆ ತೂಗುಬಿಟ್ಟ ಹಗ್ಗದ ಜೋಲಿ. ಮರುದಿನ ಆ ರೊಟ್ಟಿ ತೆಗೆದು ಹೊಸದಿಟ್ಟಳು. ಹಾಗೇ ಇಡುತ್ತ ಇಡುತ್ತ ಮುದುಕಿಯಾಗಿ ತೀರಿಕೊಂಡಳು. ಆಮೇಲೆ ಅವಳ ಸೊಸೆ ಇಟ್ಟಳು. ಈಗ ನಮ್ಮ ಅತ್ತೆ ಹುಲಿಗೆವ್ವ ಇಡುತ್ತಾಳೆ. ಅತ್ತೆ ನಮ್ಮಪ್ಪನ ಅಕ್ಕ; ಎಳೆಯ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು, ಈಗ ನನ್ನ ಮನೆಯಲ್ಲಿದ್ದಾಳೆ. ಹಿಂದಿನ ದಿನದ ರೊಟ್ಟಿ ಬೆಳಗ್ಗೆ ಎಮ್ಮೆಗೆ ಹೋಗುತ್ತದೆ. ಹೀಗಾಗಿ ನಮ್ಮ ಮನೆಯ ಎಮ್ಮೆಗಳೆಲ್ಲ ಮುತ್ಯಾನ ಋಣದಲ್ಲೇ ಬೆಳೆದವು ಎನ್ನಬೇಕು.

ನನಗೆ ದಿನಚರಿ ಬರೆಯುವ ಚಟ ಇದೆ. ಗಾಳಿ ಯಾವ ಕಡೆಯಿಂದ ಬೀಸಿತು, ಮನೆಗೆ ಯಾರು ಬಂದರು, ಏನು ಪಲ್ಯ, ಎಮ್ಮೆ ಎಷ್ಟು ಹಾಲು ಕೊಟ್ಟಿತು, ಎಲ್ಲ ಬರೆಯುತ್ತೇನೆ. ಇಷ್ಟೆಲ್ಲ ಬರೆದವನು ನೆಲವಿನ ರೊಟ್ಟಿಯ ವಿಷಯ ಒಂದು ದಿನವೂ ಬರೆದಿಲ್ಲ. ದಿನವೂ ಕಣ್ಣಿಗೆ ಬೀಳುವುದು ಬರಹಕ್ಕೆ ಸಿಗುವುದಿಲ್ಲ.

ಹೋದ ವರ್ಷ ಮಾನಾಮಿ ಅಮಾವಾಸ್ಯೆಯ ದಿನ, ಹಿರಿಯರಿಗೆ ಎಡೆ ಇಡುವ ಹೊತ್ತಿನಲ್ಲಿ, ಈ ಮಾತು ಎದ್ದಿತು. ತೀರಿಹೋದವರೆಲ್ಲರ ಎಡೆಗಳನ್ನು ಸಾಲಾಗಿ ಇಡುತ್ತೇವೆ. ಮುತ್ಯಾನಿಗೆ ಆ ಸಾಲಿನಲ್ಲಿ ಜಾಗವಿಲ್ಲ. ಸುದ್ದಿ ಬರುವ ತನಕ ಅವನನ್ನು ಸತ್ತವರ ಪಂಕ್ತಿಯಲ್ಲಿ ಕೂಡಿಸಬೇಡಿ ಎಂದು ಅವನ ಹೆಂಡತಿ ಆಣೆ ಹಾಕಿಸಿಕೊಂಡು ಹೋಗಿದ್ದಾಳೆ. ಅತ್ತೆ ಸಾಲಿನ ಮುಂದೆ ಕೂತವಳು ನನ್ನ ಕಡೆ ತಿರುಗಿದಳು.

"ನನಗ ಎಪ್ಪತ್ತು ದಾಟ್ಯಾವ. ಮುತ್ಯಾ ಬದುಕ್ಯಾನ ಅಂತ ನಾನೂ ಅನ್ನಾಂಗಿಲ್ಲ, ಅಷ್ಟು ಹುಚ್ಚಿ ಅಲ್ಲ. ಆದರ ಸತ್ತಾನ ಅಂತ ಯಾರೂ ಬಂದು ಹೇಳಿಲ್ಲಲ್ಲ. ನೀ ಓದಿದಾಂವ ಇದ್ದಿ. ಸಾಲಿನಾಗ ಕೂಡಸಲೋ, ನೆಲವಿನಾಗ ಇಡಲೋ, ಒಂದು ಹೇಳು. ನಾ ಹೋದ ಮ್ಯಾಲ ಇದನ್ನ ಮಾಡೋರಿಲ್ಲ."

ಒಲೆಯ ಮುಂದಿದ್ದ ನನ್ನ ಹೆಂಡತಿ, "ನಾ ಇಲ್ಲೇನ್ರೀ ಅತ್ತಿ?" ಎಂದಳು.

"ಗಂಡಗ ಹಾಕಿದ ಪಲ್ಯಾಕ ಉಪ್ಪು ಹಾಕೋದು ಮರೀತಿ. ಇವನ ಮುತ್ಯಾನ ನೆನಪ ಇಡತಿ ಏನು?"

ಆ ದಿನದ ಪಲ್ಯದ ವಿಷಯದಲ್ಲಿ ಅತ್ತೆ ಹೇಳಿದ್ದು ನಿಜವೇ ಆಗಿತ್ತು. ನಾನು ಯಾರ ಪಕ್ಷವನ್ನೂ ಹಿಡಿಯದೆ ಉಂಡು ಎದ್ದೆ. ಆದರೆ ಅತ್ತೆ ನೋಡಿದ ನೋಟ ಎದೆಯಲ್ಲಿ ಉಳಿಯಿತು. ಬರುವ ಅಮಾವಾಸ್ಯೆಯೊಳಗೆ ಹೇಳುತ್ತೇನೆ ಎಂದು ಮಾತು ಕೊಟ್ಟುಬಿಟ್ಟೆ.

ನನ್ನ ಕೈಯಲ್ಲಿದ್ದ ಸುಳಿವು ಒಂದೇ. "ಹುಣಸಿಮರದಿಂದ ಹಳ್ಳದ ತನಕ ಎಲ್ಲಾ ನಿಮ್ಮ ಮುತ್ಯಾಂದು" ಎಂದು ಮುತ್ಯಾನ ಹೆಂಡತಿ, ಆ ಅಜ್ಜಿ, ಮೊಮ್ಮಕ್ಕಳಿಗೆ ಹೇಳುತ್ತಿದ್ದಳಂತೆ. ನಾನು ಮಾಸ್ತರನ ಬುದ್ಧಿ ಓಡಿಸಿದೆ. ಹೊಲ ಇದ್ದವನಿಗೆ ಕಂದಾಯ ಇರುತ್ತದೆ. ಕಂದಾಯ ಇದ್ದವನು ಸತ್ತರೆ ಖಾತೆ ಬೇರೆಯವರ ಹೆಸರಿಗೆ ಹೋಗುತ್ತದೆ. ಸರ್ಕಾರ ಯಾರ ಹುಟ್ಟನ್ನು ಮರೆತರೂ ಕಂದಾಯ ಕೊಡುವವನ ಸಾವನ್ನು ಮರೆಯುವುದಿಲ್ಲ. ಅಂದಮೇಲೆ ದೇವದುರ್ಗಕ್ಕೆ ಹೋದರೆ ಸಾಕು.

ಹೋಗುವುದು ಸುಲಭವಾಗಿರಲಿಲ್ಲ. ಪೆಟ್ರೋಲೆಲ್ಲ ಯುದ್ಧಕ್ಕೆ ಹೋಗಿ ನಮ್ಮ ಕಡೆಯ ಬಸ್ಸುಗಳು ಇದ್ದಲಿನಿಂದ ಓಡುತ್ತಿದ್ದವು. ಓಡುತ್ತಿದ್ದವು ಎಂಬುದು ದಾಕ್ಷಿಣ್ಯದ ಮಾತು. ಏರು ಬಂದಲ್ಲಿ ನಾವು ಇಳಿದು ನಡೆಯುತ್ತಿದ್ದೆವು, ಬಸ್ಸು ನಮ್ಮ ಹಿಂದೆ ಕೆಮ್ಮುತ್ತ ಬರುತ್ತಿತ್ತು. ದೇವದುರ್ಗ ಮುಟ್ಟುವಷ್ಟರಲ್ಲಿ ನನ್ನ ಬಿಳಿ ಅಂಗಿ ಒಲೆಯ ಮುಂದಿನ ಗೋಡೆಯ ಹಾಗಾಗಿತ್ತು.

ಅಲ್ಲಿ ಹಳೆಯ ಕಾಗದಗಳ ಪರಿಚಯವಿದ್ದ ಒಬ್ಬ ವಯಸ್ಸಾದ ಪಟವಾರಿ ಸಿಕ್ಕರು. ಮೂರು ಸಲ ಹೋದೆ, ಮೂರು ಸಲವೂ ಬೇಸರಿಸದೆ ಹುಡುಕಿದರು. ಆ ಕಾಗದಗಳನ್ನು ನೀವು ನೋಡಬೇಕು. ಒಂದೇ ಹಾಳೆಯ ತಲೆಯ ಮೇಲೆ ಫಸಲಿ ಸನ, ಅದರ ಕೆಳಗೆ ಹಿಜರಿ, ಪಕ್ಕದಲ್ಲಿ ಶಕೆ, ಮೂಲೆಯಲ್ಲಿ ಇಂಗ್ಲಿಷಿನವರ ಇಸವಿ. ನಾಲ್ಕೂ ಒಂದೇ ದಿನದ ಮಾತಾಡುತ್ತಿವೆ ಎಂದು ನಂಬಲು ಬಹಳ ಭಕ್ತಿ ಬೇಕು. ನಮ್ಮ ಅತ್ತೆಯ ಲೆಕ್ಕ ಇದಕ್ಕಿಂತ ಸರಳ: "ಮುತ್ಯಾ ಹೋದಾಗ ನಮ್ಮಪ್ಪಗ ಎರಡು ಹಲ್ಲು ಬಂದಿದ್ದು." ಅವಳಪ್ಪ ಎಂದರೆ ನನ್ನ ಅಜ್ಜ, ಮುತ್ಯಾನ ಮಗ. ಇದನ್ನು ಪಟವಾರಿಗಳಿಗೆ ಹೇಳಿದೆ. ಅವರು ಗಂಭೀರವಾಗಿ, ಹಲ್ಲಿನ ದಾಖಲೆ ತಮ್ಮಲ್ಲಿಲ್ಲ ಎಂದರು.

ಮೂರನೆಯ ಸಲ ಅವರು ಪುಸ್ತಕ ಮುಚ್ಚಿ ಕನ್ನಡಕ ತೆಗೆದರು. "ಮಾಸ್ತರ, ನಿಮ್ಮ ಮುತ್ಯಾನ ಹೆಸರಿಲೆ ಈ ಊರಾಗ ಒಂದು ಗುಬ್ಬಿ ಕೂಡೋವಷ್ಟು ಹೊಲ ಇಲ್ರಿ."

ನನ್ನ ಮುಖ ಸಣ್ಣದಾಗಿರಬೇಕು. ಅವರೇ ಮುಂದುವರಿದು, ಹುಣಸೆಮರದಿಂದ ಹಳ್ಳದ ತನಕ ಇರುವುದು ಯಾರ ಹೊಲವೂ ಅಲ್ಲ, ಅದು ಎರಡು ಊರುಗಳ ನಡುವಿನ ಗಡಿಯ ಗೆರೆ ಎಂದರು. ಆ ಗಡಿಗೆ ಹಿಂದೆ ದೊಡ್ಡ ತಕರಾರು ನಡೆದಿತ್ತಂತೆ, ಅದರ ಕಾಗದ ರಾಯಚೂರಿನಲ್ಲಿರಬಹುದಂತೆ. ಆ ಎರಡೂ ಊರಿನವರು ಇವತ್ತಿಗೂ ಆ ಗೆರೆಯ ಮಾತು ಬಂದರೆ ಮೈಮೇಲೆ ಬರುತ್ತಾರೆ. ಊರಿನ ಹೆಸರು ಏಕೆ ಬರೆಯಲಿಲ್ಲ ಎಂಬುದು ಈಗ ತಿಳಿಯಿತಲ್ಲ.

ಬಸ್ಸಿನಲ್ಲಿ ಮರಳಿ ಬರುವಾಗ ನನಗೆ ನಾಚಿಕೆಯಾಯಿತು. ಹೊಲವಿಲ್ಲ ಎಂಬ ನಾಚಿಕೆಯಲ್ಲ; ನಮ್ಮ ಕೇರಿಯಲ್ಲಿ ಯಾರಿಗಿತ್ತು? ಆ ಅಜ್ಜಿ ಅಷ್ಟು ದೊಡ್ಡ ಸುಳ್ಳು ಹೇಳಿದಳೇ ಎಂದು. ಅವಳ ರೊಟ್ಟಿಯನ್ನೂ ಅನುಮಾನದಿಂದ ನೋಡುವಂತಾಯಿತು.

ಬೇಸಿಗೆ ರಜೆಗೆ ಶಾಲೆ ಮುಚ್ಚಿತು. ರಾಯಚೂರಿನ ಬೇಸಿಗೆಯನ್ನು ಅಲ್ಲಿಯವರೂ ಹೊಗಳುವುದಿಲ್ಲ. ನಾನು ಒಂದು ಮಣ್ಣಿನ ಹೂಜಿ, ಬುತ್ತಿಯ ಗಂಟು ಹಿಡಿದು ಪರಿಚಯದವರ ಮನೆಯಲ್ಲಿ ಇಳಿದುಕೊಂಡೆ. ಹಳೆಯ ಕಾಗದಗಳ ಕೋಣೆ ನೋಡಿಕೊಳ್ಳುತ್ತಿದ್ದವರು ಖಾದರ ಸಾಹೇಬರು. ಅಲ್ಲಿ ಕಾಗದಗಳನ್ನು ಕೆಂಪು ಬಟ್ಟೆಯಲ್ಲಿ ಸುತ್ತಿ ಗಂಟು ಕಟ್ಟಿಡುತ್ತಾರೆ. ಗಂಟಿಗೆ ರುಮಾಲು ಎನ್ನುತ್ತಾರೆ. ಗೋಡೆಯುದ್ದಕ್ಕೂ ರುಮಾಲುಗಳು ಸಂತೆಗೆ ಬಂದ ಮುದುಕರ ಹಾಗೆ ಒಂದರ ಪಕ್ಕ ಒಂದು ಕೂತಿದ್ದವು. ನಾನು ಪಡಸಾಲೆಯಲ್ಲಿ ಕೂತೆ. ಸಾಹೇಬರು ದಿನಕ್ಕೆ ಎರಡೋ ಮೂರೋ ಗಂಟು ಬಿಚ್ಚುತ್ತಿದ್ದರು, ಉರ್ದು ಫಾರಸಿಯನ್ನು ತಾವು ಓದುತ್ತಿದ್ದರು, ಕನ್ನಡ ಬಂದರೆ ನನ್ನ ಕಡೆ ಸರಿಸುತ್ತಿದ್ದರು. ಒಂದು ಮಧ್ಯಾಹ್ನ ನಾನು ಅವಸರ ತೋರಿಸಿದೆ. ಅವರು ಬಟ್ಟಲಿನ ಚಹಾ ಆರಿಸುತ್ತ, "ಮಾಸ್ತರ್ ಸಾಬ್, ನಿಮ್ಮ ಮುತ್ಯಾ ಇಷ್ಟು ವರ್ಷ ಕಾದಾರ. ನಾ ಈ ಚಹಾ ಕುಡಿಯೋ ತನಕ ಕಾಯಂಗಿಲ್ಲೇನು?" ಎಂದರು.

ಹನ್ನೊಂದನೆಯ ದಿನ ಮುತ್ಯಾ ಸಿಕ್ಕ.

ಗಡಿ ತಕರಾರಿನ ಗಂಟು ಅದು. ಎರಡೂ ಊರಿನವರು ಸಾಕ್ಷಿಗಳನ್ನು ತಂದಿದ್ದರು, ಎರಡೂ ಕಡೆಯ ಸಾಕ್ಷಿಗಳು ಸಮಬಲವಾಗಿ ಸುಳ್ಳು ಹೇಳಿದ್ದರು. ಕೊನೆಗೆ ಹಳೆಯ ಪದ್ಧತಿಯಂತೆ ಗಡಿ ನಡೆಸಬೇಕೆಂದು ತೀರ್ಮಾನವಾಯಿತು. ಗಡಿಯನ್ನು ಚೆನ್ನಾಗಿ ಬಲ್ಲವನು ಊರಿನ ವಾಲೀಕಾರ. ಊರು ಕಾಯುವುದು, ಬಂದ ಅಧಿಕಾರಿಯ ಹೊರೆ ಹೊರುವುದು, ಗಡಿಕಲ್ಲು ನೋಡಿಕೊಳ್ಳುವುದು ಅವನ ಕೆಲಸ. ಕಾಗದದಲ್ಲಿ ಹೀಗಿತ್ತು: ವಾಲೀಕಾರ ಮಾರೆಪ್ಪನು ಹೊಳೆಯಲ್ಲಿ ಮುಳುಗಿ ಬಂದು, ಒದ್ದೆ ಬಟ್ಟೆಯಲ್ಲಿ ನಿಂತು, ಎರಡೂ ಊರಿನ ಮಣ್ಣನ್ನು ತಲೆಯ ಮೇಲೆ ಹೊತ್ತು, ತಪ್ಪಿ ನಡೆದರೆ ಈ ಮಣ್ಣು ನನ್ನ ಮನೆಯ ಮೇಲೆ ಬೀಳಲಿ ಎಂದು ಆಣೆ ಮಾಡಿ, ಹುಣಸೆಮರದಿಂದ ಹಳ್ಳದವರೆಗೆ ನಡೆದನು. ಎರಡೂ ಊರಿನ ಗೌಡರು ಹಿಂದೆ ನಡೆದರು. ಅವನು ಹೆಜ್ಜೆಯಿಟ್ಟಲ್ಲಿ ಕಲ್ಲು ನೆಟ್ಟರು. ಇನ್ನು ಮೂರು ಹುಣ್ಣಿಮೆಯ ತನಕ ಅವನ ಮನೆಗೆ, ಮಗುವಿಗೆ, ದನಕ್ಕೆ ಕೇಡಾಗದಿದ್ದರೆ ನಡೆದದ್ದು ಸತ್ಯ.

ಕೆಳಗೆ ಸಹಿಯ ಜಾಗದಲ್ಲಿ ಒಂದು ಗೀಟು. ಓದು ಬಾರದವರು ಆಗ ತಮ್ಮ ಕಸುಬಿನ ಗುರುತು ಬರೆಯುತ್ತಿದ್ದರಂತೆ. ಒಕ್ಕಲಿಗ ನೇಗಿಲು ಬರೆದರೆ ವಾಲೀಕಾರ ಕೋಲು. ಮುತ್ಯಾನ ಕೋಲು ನಡುವೆ ಸ್ವಲ್ಪ ಬಾಗಿತ್ತು, ತುದಿಯಲ್ಲಿ ಒಂದು ಸಣ್ಣ ಗಂಟು. ನಾನು ಅದರ ಮೇಲೆ ಬೆರಳಿಟ್ಟೆ. ಖಾದರ ಸಾಹೇಬರು ಬೇರೆ ಕಡೆ ನೋಡುತ್ತ ಚಹಾ ತರಿಸಿದರು.

ಅಜ್ಜಿ ಸುಳ್ಳು ಹೇಳಿರಲಿಲ್ಲ. ಹುಣಸೆಮರದಿಂದ ಹಳ್ಳದ ತನಕದ ನೆಲವನ್ನು ಎರಡು ಊರಿನವರೂ ಕೂಡಿ ಒಂದು ಹೊತ್ತು ಅವನ ತಲೆಯ ಮೇಲಿಟ್ಟಿದ್ದರು. ಆಸ್ತಿ ಎಂದು ನಾನು ಹುಡುಕುತ್ತಿದ್ದದ್ದು ಅವನು ಹೊತ್ತ ಭಾರವಾಗಿತ್ತು.

ಮೂರು ಹುಣ್ಣಿಮೆ ಕಳೆದವು. ಮನೆ ಮಗು ದನ ಎಲ್ಲ ಸುಖವಾಗಿವೆ ಎಂದು ಇಬ್ಬರು ಗೌಡರೂ ಗುರುತು ಹಾಕಿದ್ದರು. ನೆಟ್ಟ ಕಲ್ಲುಗಳು ನೆಟ್ಟಲ್ಲೇ ಇರತಕ್ಕದ್ದು ಎಂದು ಹುಕುಂ ಆಗಿತ್ತು. ಹುಕುಂ ಓದಿ ಹೇಳುವ ದಿನ ಮುತ್ಯಾನನ್ನೂ ಕರೆಸಿದ್ದರು. ಆ ಹಾಳೆಯಲ್ಲಿ ಒಂದೇ ಸಾಲು: ಮೂರು ಸಲ ಕೂಗಲಾಗಿ ಹಾಜರಿಲ್ಲ.

ಅದರ ಹಿಂದೆ ಒಂದು ಚೀಟಿ ಅಂಟಿಕೊಂಡಿತ್ತು. ಯಾವನೋ ಅಧಿಕಾರಿಯ ಡೇರೆ ಹೊಳೆ ದಾಟಿ ಆಚೆ ಹೋಗುವಾಗ ಹೊರೆ ಹೊರಲು ಊರಿನಿಂದ ಒಯ್ದವರ ಹೆಸರುಗಳು ಅದರಲ್ಲಿದ್ದವು. ವಾಲೀಕಾರ ಮಾರೆಪ್ಪ ಕೊನೆಯವನು. ಅದು ಹುಕುಂ ಓದುವ ದಿನಕ್ಕಿಂತ ಸ್ವಲ್ಪ ಮೊದಲಿನದು. ಸರ್ಕಾರದ ಒಂದು ಕೈ ಅವನನ್ನು ಹೊಳೆ ದಾಟಿಸಿತ್ತು, ಇನ್ನೊಂದು ಕೈ ಬಾಗಿಲಲ್ಲಿ ನಿಂತು ಮೂರು ಸಲ ಕೂಗಿ ಸೊನ್ನೆ ಬರೆದಿತ್ತು. "ಅವ ಹೊರಿ ಹೊರಾಕ ಹೋಗ್ಯಾನ್ರಿ" ಎಂದು ಎದ್ದು ನಿಂತು ಹೇಳಲು ಪಕ್ಕದಲ್ಲಿ ಕೂಡುವವನೊಬ್ಬ ಅಲ್ಲಿರಲಿಲ್ಲ. ಆಚೆಯಿಂದ ಮರಳಿ ಬಂದವರ ಪಟ್ಟಿ ಏನಾದರೂ ಇದೆಯೇ ಎಂದು ಇನ್ನೂ ನಾಲ್ಕು ದಿನ ಹುಡುಕಿದೆವು. ಇರಲಿಲ್ಲ. ಹೋಗುವವರನ್ನು ಬರೆಯುವ ಪದ್ಧತಿ ಇತ್ತು, ಬಂದವರನ್ನು ಬರೆಯುವ ಪದ್ಧತಿ ಇರಲಿಲ್ಲ.

ಎಲ್ಲವನ್ನೂ ನನ್ನ ದಿನಚರಿಯಲ್ಲಿ ನಕಲು ಮಾಡಿಕೊಂಡೆ. ಕೋಲನ್ನು ಬಾಗು ಸಹಿತ ಬರೆದುಕೊಂಡೆ. ಮೂರು ಸಲ ತಿದ್ದಬೇಕಾಯಿತು.

ಮಾನವಿಗೆ ಬಂದು ಅತ್ತೆಗೆ ಓದಿ ಹೇಳಿದೆ. ಮುಗಿದ ಮೇಲೆ, "ಖರೇನೇ ನಡದಾನಲ್ಲ?" ಎಂದಳು. ಕಾಗದ ಹಾಗೇ ಹೇಳುತ್ತದೆ ಎಂದೆ.

"ಸೋತ ಊರಿನೋರು, ಅವ ಗಡಿ ಸುಳ್ಳು ನಡದ, ಹೊತ್ತ ಮಣ್ಣೇ ಅವನ್ನ ನುಂಗಿತು ಅಂತಿದ್ರಂತ. ಅದಕ್ಕ ನಮ್ಮಾಯಿ, ಮುತ್ಯಾನ ಹೇಂತಿ, ಕೂಸಿನ ಕಟಗೊಂಡು ಇಲ್ಲಿಗಿ ಬಂದಳು. ನನಗ ಒಬ್ಬಾಕಿಗೇ ಹೇಳಿದ್ದಳು. ನಾ ನಿನಗ ಹೇಳಲಿಲ್ಲ. ಖರೇ ಇದ್ದರ ಏನು ಮಾಡಲಿ ಅಂತ ಅಂಜಿಕಿ."

ಆಗ ತಿಳಿಯಿತು, ಅವಳು ನನ್ನನ್ನು ಏನು ಹುಡುಕಲು ಕಳಿಸಿದ್ದಳೆಂದು. ಎಡೆಯ ಸಾಲೋ ನೆಲವಿನ ರೊಟ್ಟಿಯೋ ಎಂಬುದು ನೆಪ. ಆಮೇಲೆ ನಾನು ದಿನಚರಿಯ ಹಾಳೆ ಅವಳ ಮುಂದೆ ಹಿಡಿದೆ. ಎಂದೂ ಅಕ್ಷರ ಮುಟ್ಟದವಳು ಆ ಗೀಟಿನ ಮೇಲೆ ಕೈಯಾಡಿಸಿದಳು. "ಕೋಲು," ಎಂದಳು. "ಇದು ನನಗೂ ಓದಾಕ ಬರತದ."

ಈ ಸಲದ ಅಮಾವಾಸ್ಯೆಗೆ ಸಾಲಿನಲ್ಲಿ ಒಂದು ಎಡೆ ಹೆಚ್ಚಿಗೆ ಬಂತು, ಅಜ್ಜಿಯ ಎಡೆಯ ಪಕ್ಕದಲ್ಲೇ. ಸತ್ತ ಸುದ್ದಿ ಸಿಕ್ಕಿಲ್ಲವಲ್ಲ ಎಂದು ನಾನು ಕೇಳಲಿಲ್ಲ. ಅತ್ತೆಗೆ ಬೇಕಾದ ಸುದ್ದಿ ಸಿಕ್ಕಿತ್ತು. ಆದರೆ ಸಂಜೆ ಕತ್ತು ಎತ್ತಿ ನೋಡಿದರೆ ನೆಲವಿನಲ್ಲಿ ಎಂದಿನಂತೆ ಒಂದು ರೊಟ್ಟಿ. ಇದು ಯಾರಿಗೆ ಎಂದೆ.

"ಮುತ್ಯಾಂದು ಮುತ್ಯಾಗ ಮುಟ್ಟಿತು. ಇದು ತಡಾ ಆಗಿ ಬರೋರಿಗಿ. ಯಾರರ ಇರತಾರಲ್ಲ."

ಈಗ ನನ್ನ ಹಾಜರಿ ಪುಸ್ತಕದಲ್ಲಿ ಸೊನ್ನೆಯ ಪಕ್ಕ ಸಣ್ಣ ಅಕ್ಷರದಲ್ಲಿ ಎಮ್ಮೆ, ಅಕ್ಕನ ಊರು, ಜ್ವರ ಎಂದೆಲ್ಲ ಬರೆದಿರುತ್ತದೆ. ಪುಸ್ತಕ ಹೊಲಸಾಗಿದೆ ಎಂದು ಇನ್‌ಸ್ಪೆಕ್ಟರ್ ಸಾಹೇಬರು ಷರಾ ಬರೆದು ಹೋಗಿದ್ದಾರೆ.

ಮೊನ್ನೆ ಖಾದರ ಸಾಹೇಬರಿಗೆ ಒಂದಿಷ್ಟು ಹೊಸ ಶೇಂಗಾ ಕೊಟ್ಟು ಬರಲು ರಾಯಚೂರಿಗೆ ಹೋಗಿದ್ದೆ. ಬರುವಾಗ ಬಸ್ಸು ಅದರ ಪದ್ಧತಿಯಂತೆ ನಡುದಾರಿಯಲ್ಲಿ ನಿಂತಿತು. ಮನೆ ಮುಟ್ಟಿದಾಗ ಒಲೆ ಆರಿತ್ತು, ಎಲ್ಲರೂ ಮಲಗಿದ್ದರು. ಎಬ್ಬಿಸಲು ಮನಸ್ಸಾಗದೆ ಕೈಯೆತ್ತಿ ನೆಲವಿನ ರೊಟ್ಟಿ ತೆಗೆದುಕೊಂಡೆ. ಅದನ್ನು ನಾನು ಮುಟ್ಟಿದ್ದು ಅದೇ ಮೊದಲು. ಒಣಗಿ ಬಿರುಸಾಗಿತ್ತು, ನಿಧಾನಕ್ಕೆ ಅಗಿದರೆ ಸಿಹಿ ಬಿಡುತ್ತಿತ್ತು. ಮುರಿದ ಸದ್ದಿಗೆ ಒಳಗಿನಿಂದ ಅತ್ತೆಯ ದನಿ ಬಂತು: "ಯಾರದು, ಬಂದಿ ಏನು?"

ಬಾಯಲ್ಲಿ ರೊಟ್ಟಿ ಇತ್ತು. ಶಾಲೆಯ ರೂಢಿಯೋ ಏನೋ, "ಹಾಜರ್" ಎಂದುಬಿಟ್ಟೆ.