ರೇಡಿಯೊ ಸಿಸ್ಟರ್ ಸುಮ್ಮನಿದ್ದ ಹತ್ತು ನಿಮಿಷ

ಮಕ್ಕಳ ಆಸ್ಪತ್ರೆಯ ಲಸಿಕೆ ಕೋಣೆಯನ್ನು ಇಪ್ಪತ್ತೆರಡು ವರ್ಷ ಆಳಿದ ನರ್ಸಮ್ಮನಿಗೆ ಜೊತೆಯವರು ಇಟ್ಟ ಹೆಸರು ರೇಡಿಯೊ ಸಿಸ್ಟರ್. ಕೂಸನ್ನು ಹೇಗೆ ಎತ್ತಿಕೊಳ್ಳಬೇಕು, ಹೇಗೆ ಮಲಗಿಸಬೇಕು, ಅತ್ತೆಯ ಮಾತನ್ನು ಎಷ್ಟು ಕೇಳಬೇಕು, ಎಷ್ಟು ಕೇಳಿದ ಹಾಗೆ ನಟಿಸಬೇಕು, ಎಲ್ಲವೂ ಕೇಳದವರಿಗೂ ಪ್ರಸಾರ. ತಮ್ಮನ್ನು ಕಂಡೊಡನೆ ಮಕ್ಕಳು ಕಿರುಚದಂಥ ಕೆಲಸ ಒಂದಾದರೂ ಮಾಡಬೇಕೆಂಬ ಆಸೆಯಿಂದ, ನಲವತ್ತೊಂಬತ್ತನೇ ವಯಸ್ಸಿನಲ್ಲಿ ಅವರು ಹೆತ್ತವರು ಮತ್ತು ಮಕ್ಕಳ ಬಾಂಧವ್ಯಕ್ಕೆ ನೆರವಾಗುವವರ ತರಬೇತಿಗೆ ಸೇರಿದರು. ಅಲ್ಲಿನ ಮೊದಲ ವಿದ್ಯೆಯೇ ಸುಮ್ಮನಿರುವುದೆಂದು ಸೇರಿದ ಮೇಲೆ ತಿಳಿಯಿತು.

ಪರೀಕ್ಷೆ ಹೀಗೆ: ಅಪ್ಪನೋ ಅಮ್ಮನೋ ಮಗುವಿನ ಜೊತೆ ಹತ್ತು ನಿಮಿಷ ಆಡುವುದನ್ನು ವೀಡಿಯೊ ಮಾಡಬೇಕು, ತುಟಿ ಬಿಚ್ಚಬಾರದು. ಆಮೇಲೆ ಅದರ ಒಂದು ಒಳ್ಳೆಯ ಗಳಿಗೆಯನ್ನು ತೋರಿಸಿ, ಅಲ್ಲಿ ಕಂಡದ್ದನ್ನು ಹೆತ್ತವರ ಬಾಯಿಂದಲೇ ಹೊರಡಿಸಬೇಕು. ಮೂರೇ ಅವಕಾಶ. ಮೊದಲ ಸಲ ಹದಿನೇಳು ಸಲಹೆ ದಾಖಲಾದವು. ಎರಡನೇ ಸಲ ಬಾಯಿಗೆ ಬೀಗ. ಆದರೆ ಐದನೇ ನಿಮಿಷಕ್ಕೆ ಚಿತ್ರದೊಳಗೆ ಒಂದು ಕೈ ತೂರಿಬಂದು, ಕೂಸಿನ ಟೋಪಿ ಸರಿಮಾಡಿ ಮಾಯವಾಯಿತು.

"ಇದ್ಯಾರ ಕೈ?" ಎಂದರು ತರಬೇತಿಯ ಮೇಡಂ.

"ನಂದೇ ಮೇಡಂ. ನನ್ನ ಕೇಳ್ದೇನೇ ಹೋಯ್ತು."

"ಇನ್ನೊಂದ್ಸಲ ಹೋದ್ರೆ ಸರ್ಟಿಫಿಕೇಟೂ ಹೋಗತ್ತೆ."

ಮೂರನೇ ಸಲ ನಮ್ಮ ವೀರನಾರಿ ಸಿಸ್ಟರ್, ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಏರಿಸಿ, ಎರಡೂ ಕೈಗಳ ಮೇಲೆ ಭದ್ರವಾಗಿ ಕೂತರು. ಎದುರಿಗೆ ಒಬ್ಬ ಬಸ್ ಡ್ರೈವರ್, ಅವನ ಎರಡು ವರ್ಷದ ಮಗಳು. ಅಪ್ಪ ಮಗಳಿಗೆ ಶೂ ತೊಡಿಸಿದ. ಎಡಗಾಲಿನದು ಬಲಗಾಲಿಗೆ, ಬಲಗಾಲಿನದು ಎಡಗಾಲಿಗೆ! ಸಿಸ್ಟರ್ ಹಣೆಯಲ್ಲಿ ಬೆವರು ಮೂಡಿತು.

"ಸರಿ ಇದೆಯಾ ಸಿಸ್ಟರ್?"

ಸಿಸ್ಟರ್ ಚಾವಣಿಯ ಫ್ಯಾನನ್ನು ದಿಟ್ಟಿಸಿದರು. ಅದಕ್ಕೆ ಮೂರು ರೆಕ್ಕೆ. ಮತ್ತೆ ಎಣಿಸಿದರು, ಆಗಲೂ ಮೂರೇ.

"ಅಯ್ಯೋ, ಅದಲುಬದಲು ಮಾಡ್ಬಿಟ್ಟೆ ಕಣೇ ಪುಟ್ಟಿ!"

"ಅಪ್ಪ ಪೆದ್ದು!"

"ಹೂಂ, ಭಾರೀ ಪೆದ್ದು." ಮಗಳು ಕಿಲಕಿಲ ನಗುತ್ತಾ ಕಾಲನ್ನು ಅಪ್ಪನ ತೊಡೆಯ ಮೇಲಿಟ್ಟಳು.

ಹತ್ತು ನಿಮಿಷ ಮುಗಿಯಿತು. ಸಿಸ್ಟರ್ ವೀಡಿಯೊ ಹಿಂದಕ್ಕೆ ಓಡಿಸಿ ಒಂದು ಕಡೆ ನಿಲ್ಲಿಸಿದರು. "ಇಲ್ಲಿ ನಿಮ್ಗೇನ್ ಕಾಣತ್ತೆ?"

"ಶೂ ಉಲ್ಟಾ ಇದೆ."

ನಾಲಿಗೆ ತುದಿಗೆ ಬಂದ ಉತ್ತರವನ್ನು ಸಿಸ್ಟರ್ ಗುಳಿಗೆಯ ಹಾಗೆ ನುಂಗಿದರು. "ಇನ್ನೇನಾದ್ರೂ?"

ಡ್ರೈವರ್ ಮುಂದಕ್ಕೆ ಬಾಗಿದ. "ಇವಳು ಶೂ ನೋಡ್ತಾನೇ ಇಲ್ವಲ್ಲ… ನನ್ನ ಮುಖಾನೇ ನೋಡ್ತಿದಾಳೆ." ಪರದೆಯಿಂದ ಕಣ್ಣು ತೆಗೆಯದೆ ಹೇಳಿದ, "ಇವಳು ಏಳೋಕೆ ಮುಂಚೇನೇ ಡ್ಯೂಟಿಗೆ ಹೋಗ್ತೀನಿ ಸಿಸ್ಟರ್. ನಾನಂದ್ರೆ ಇವಳಿಗೆ ಅಷ್ಟಕ್ಕಷ್ಟೆ ಅನ್ಕೊಂಡಿದ್ದೆ. ಇನ್ನೊಂದ್ಸಲ ಹಾಕ್ತೀರಾ?"

ಅವನು ಮೂರನೇ ಸಲ ನೋಡುತ್ತಿದ್ದಾಗ ಮೇಡಂ ಬಾಗಿಲು ತೆರೆದರು. "ಟೈಮ್ ಆಯ್ತು, ಇನ್ನು…"

"ಶ್!" ಎಂದರು ಸಿಸ್ಟರ್, ತುಟಿಯ ಮೇಲೆ ಬೆರಳಿಟ್ಟು.

ಮೇಡಂ ಕಕ್ಕಾಬಿಕ್ಕಿಯಾಗಿ ಪರದೆ ನೋಡಿದರು, ಡ್ರೈವರನ್ನು ನೋಡಿದರು. ಆಮೇಲೆ ಸದ್ದಾಗದಂತೆ ಹಿಂದಿನ ಕುರ್ಚಿಯಲ್ಲಿ ಕೂತು, ಫೈಲು ಬಿಚ್ಚಿ, ಸರ್ಟಿಫಿಕೇಟಿಗೆ ಸಹಿ ಹಾಕಿದರು.