ಇಲ್ಲದ ಆಫೀಸಿನ ಸಾಹೇಬರು

ಹನ್ನೊಂದು ಗಂಟೆಗೆ ಮೊದಲು ನಮ್ಮ ಸಾಹೇಬರನ್ನು ಎಬ್ಬಿಸುವಂತಿರಲಿಲ್ಲ. ಎದ್ದ ಮೇಲೂ ಮಾಡಬೇಕಾದ ಕೆಲಸವೇನೂ ಇರಲಿಲ್ಲ ಅನ್ನಿ. ಇಂಗ್ಲೆಂಡಿನಲ್ಲಿ ಅವರ ಮುತ್ತಜ್ಜ ಕಟ್ಟಿದ ಬಿಸ್ಕತ್ತಿನ ಕಾರ್ಖಾನೆ ಎಂದೋ ಮಾರಾಟವಾಗಿ, ನಾಲ್ಕು ತಲೆಮಾರು ಕೂತು ಉಣ್ಣುವಷ್ಟು ಆಸ್ತಿ ಉಳಿದಿತ್ತು. ಇವರು ದುಬೈಗೆ ಬಂದು, ಸಮುದ್ರ ಕಾಣುವ ವಿಲ್ಲಾದಲ್ಲಿ ಕೂತು ಉಣ್ಣುತ್ತಿದ್ದರು. ಐವತ್ತರ ಹತ್ತಿರದ, ಮದುವೆಯಾಗದ, ಮಾತಿನಲ್ಲಿ ಬಹಳ ಮರ್ಯಾದೆಯ ಮನುಷ್ಯ. ನಾನು ಅವರ ಪರ್ಸನಲ್ ಅಸಿಸ್ಟೆಂಟ್. ಅಲ್ ನಹ್ದಾದ ನಮ್ಮ ಫ್ಲ್ಯಾಟಿನಿಂದ ಬಸ್ಸು, ಮೆಟ್ರೋ, ಮತ್ತೆ ಬಸ್ಸು ಹಿಡಿದು ಒಂಬತ್ತಕ್ಕೆ ಹಾಜರಾಗಿ, ಅವರು ಏಳುವುದನ್ನು ಕಾಯುತ್ತಿದ್ದೆ. "ನಿನ್ನ ದೊರೆ ಇವತ್ತು ಯಾವ ಸೋಫಾದಲ್ಲಿ ದುಡಿದದ್ದು ಮಾರಾಯ್ತಿ?" ಎಂದು ಸಂಜೆ ನನ್ನ ಗಂಡ ಕೇಳುವುದಿತ್ತು. ನಾನೂ ನಗುತ್ತಿದ್ದೆ.

ಅವರ ತಾಯಿ ಪ್ರತಿ ಮಂಗಳವಾರ ಬೆಳಿಗ್ಗೆ ಇಂಗ್ಲೆಂಡಿನಿಂದ ಫೋನ್ ಮಾಡುತ್ತಿದ್ದರು. ಮಗನ ಮೊಬೈಲು ಆಫ್ ಇರುತ್ತಿದ್ದುದರಿಂದ ಕರೆ ವಿಲ್ಲಾದ ಫೋನಿಗೆ, ಅಂದರೆ ನನಗೆ ಬರುತ್ತಿತ್ತು. ನಾನು ಮೊದಲು ಬರ್ ದುಬೈಯ ಒಂದು ಹೋಟೆಲಿನ ರಿಸೆಪ್ಷನ್ನಿನಲ್ಲಿ ಆರು ವರ್ಷ ಇದ್ದವಳು. ಅತಿಥಿ ಮಲಗಿದ್ದಾರೆ ಎಂದು ಫೋನಿನಲ್ಲಿ ಯಾರಿಗೂ ಹೇಳಬಾರದು ಎನ್ನುವುದು ಅಲ್ಲಿ ಕಲಿಸಿದ ಮೊದಲ ಪಾಠ. ಹಾಗಾಗಿ ಬಾಯಿಗೆ ಬಂದದ್ದು ಅದೇ: "ಮೀಟಿಂಗಿನಲ್ಲಿದ್ದಾರೆ ಮೇಡಂ."

ಆ ಮುದುಕಿಯ ಖುಷಿಯನ್ನು ನೀವು ಕೇಳಬೇಕಿತ್ತು. ಮಗ ಕೊನೆಗೂ ಏನೋ ಮಾಡುತ್ತಿದ್ದಾನೆ! ಯಾರ ಜೊತೆ, ಯಾವ ವಿಷಯ ಎಂದು ಕೇಳಿದರು. ಏನೋ ಒಂದು ಹೇಳಿದೆ. ಮುಂದಿನ ವಾರ ಅದರ ಮುಂದಿನದ್ದು ಕೇಳಿದರು. ಹೀಗೆ ಎರಡು ವರ್ಷದಲ್ಲಿ ಸಾಹೇಬರಿಗೆ ಒಂದು ಆಫೀಸು, ಅದಕ್ಕೆ ದುಬೈ ಕ್ರೀಕಿನ ನೀರು, ದೋಣಿ ಕಾಣುವ ಕಿಟಕಿ, ಸಾಲದ್ದಕ್ಕೆ ಅಬುಧಾಬಿಯಲ್ಲೊಂದು ಬ್ರಾಂಚು, ಎಲ್ಲ ನಾನೇ ಕೊಟ್ಟುಬಿಟ್ಟೆ. ತಾಯಿಗೆ ತಿರುಗಿ ಫೋನ್ ಮಾಡುವ ಅಭ್ಯಾಸವಿಲ್ಲದ ಸಾಹೇಬರಿಗೆ ಇದೊಂದೂ ಗೊತ್ತಿರಲಿಲ್ಲ. "ಅಮ್ಮನ ಫೋನ್ ಬಂದಿತ್ತು, ಚೆನ್ನಾಗಿದ್ದಾರೆ" ಎಂದರೆ "ಗುಡ್, ಗುಡ್" ಎನ್ನುತ್ತಾ ಈಜುಕೊಳಕ್ಕೆ ಇಳಿಯುತ್ತಿದ್ದರು.

ಒಂದು ಮಂಗಳವಾರ ಅವರ ತಾಯಿ ಪಿಸುದನಿಯಲ್ಲಿ ಹೇಳಿದರು: "ಫೆಬ್ರವರಿಯಲ್ಲಿ ಬರುತ್ತೇನೆ. ಅವನಿಗೆ ಹೇಳಬೇಡ. ಏರ್‌ಪೋರ್ಟಿನಿಂದ ಸೀದಾ ಆಫೀಸಿಗೇ ಕರೆದುಕೊಂಡು ಹೋಗು. ಅವನು ಮೇಜಿನ ಮುಂದೆ ಕೂತಿರುವುದನ್ನು ಒಂದು ಸಲ ನೋಡಬೇಕು."

ಸುಳ್ಳು ಹೊರಬಿದ್ದರೆ ಕೆಲಸ ಖಲಾಸ್. ಗಂಡನ ವೀಸಾ, ಮಗಳ ವೀಸಾ ಎರಡೂ ನನ್ನ ವೀಸಾಕ್ಕೆ ಅಂಟಿಕೊಂಡಿದ್ದವು. ನಿಜ ಹೇಳಿದ್ದರೆ ಆಕೆ ನಾಲ್ಕು ಮಾತು ಬೈದು ಸುಮ್ಮನಾಗುತ್ತಿದ್ದರೋ ಏನೋ. ನಾನು, "ಫೆಬ್ರವರಿಯಲ್ಲಿ ಸರ್ ಟೂರಿನಲ್ಲಿರುತ್ತಾರೆ. ಆಮೇಲೆ ಇಲ್ಲಿ ಸೆಕೆ. ನವೆಂಬರಿಗೆ ಬನ್ನಿ ಮೇಡಂ" ಎಂದೆ.

"ಅವನ ಕೆಲಸಕ್ಕೆ ತೊಂದರೆಯಾಗಬಾರದು" ಎಂದು ಒಪ್ಪಿಕೊಂಡರು. ಫೋನಿಟ್ಟ ಮೇಲೆ ನನಗೆ ಸಮಾಧಾನವಾಯಿತು, ಚಹಾ ಮಾಡಿಕೊಂಡು ಕುಡಿದೆ. ಆ ಸಮಾಧಾನವನ್ನು ನೆನೆಸಿಕೊಂಡರೆ ಈಗ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಸೆಪ್ಟೆಂಬರಿನಲ್ಲಿ ಆ ತಾಯಿ ಅಲ್ಲಿ ಮನೆಯ ಮೆಟ್ಟಿಲ ಮೇಲೆ ಬಿದ್ದರು. ಎರಡೇ ದಿನ. ಸಾಹೇಬರು ಹೋಗಿ ಮುಟ್ಟುವಾಗ ಮಾತು ನಿಂತುಹೋಗಿತ್ತಂತೆ.

ಎಲ್ಲ ಮುಗಿಸಿ ವಾಪಸು ಬಂದವರು ಅಡುಗೆಮನೆಯ ಬಾಗಿಲಲ್ಲಿ ನಿಂತರು. ಕೈಯಲ್ಲಿ ಅಗಲ ಅಂಚಿನ ಹುಲ್ಲಿನ ಟೋಪಿ. ಅಂಗಡಿಯ ಚೀಟಿಯನ್ನು ಇನ್ನೂ ಕಿತ್ತಿರಲಿಲ್ಲ.

"ಅಮ್ಮನ ಕಪಾಟಿನಲ್ಲಿತ್ತು. ತೋಟಕ್ಕೂ ಇಳಿಯದವಳು ಬಿಸಿಲಿನ ಟೋಪಿ ಯಾಕೆ ಕೊಂಡಳೋ. ಇಷ್ಟು ವರ್ಷದಲ್ಲಿ ಇಲ್ಲಿಗೆ ಬರುತ್ತೇನೆ ಎಂದು ಒಂದು ಸಲವೂ ಅನ್ನಲಿಲ್ಲ."

ಹೇಳಬೇಕಿತ್ತು. ಹೇಳಲೆಂದು ಬಾಯಿ ತೆರೆದದ್ದೂ ಹೌದು.

"ನೀವು ಬಸ್ ಸ್ಟಾಪಿನಲ್ಲಿ ಬಿಸಿಲಿಗೆ ನಿಲ್ಲುತ್ತೀರಲ್ಲ, ಇಟ್ಟುಕೊಳ್ಳಿ" ಎಂದು ಟೋಪಿಯನ್ನು ನನ್ನ ಕೈಗೆ ಕೊಟ್ಟರು.

"ಥ್ಯಾಂಕ್ಯೂ ಸರ್" ಎಂದೆ.