ಬಸ್ಸಿನಲ್ಲಿ ಬಂದ ಕಡಲ ಮೀನು

ಉಣ್ಣುವ ರೊಟ್ಟಿಯ ಆಣೆ, ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಎಪ್ಪತ್ತರ ದಶಕದಲ್ಲಿ ಇಂಡಿ ಪಟ್ಟಣದ ಸಾಹುಕಾರರೊಬ್ಬರಿಗೆ ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿಡಲು ಕಡಲ ಮೀನು ಬೇಕಾಗಿತ್ತು. ಅಂಥ ಕೆಲಸಕ್ಕೆ ನನ್ನಂಥ ಗಂಡಸು ಜಿಲ್ಲೆಗೊಬ್ಬನೇ. ಕಾರವಾರದ ಬಂಡೆಗಳ ಸಂದಿಯಲ್ಲಿ ಬಲೆ ಹಾಕಿ ಹಿಡಿಸಿದ ನೀಲಿ ಮೀನನ್ನು ಗಾಜಿನ ಬರಣಿಯಲ್ಲಿಟ್ಟುಕೊಂಡು, ಸೈಕಲ್ ಪಂಪಿನಿಂದ ನೀರಿಗೆ ಗಾಳಿ ಹೊಡೆಯುತ್ತ ಬಸ್ಸಿನಲ್ಲಿ ಹೊರಟೆ.

ಬಸವನ ಬಾಗೇವಾಡಿ ದಾಟಿದ ಮೇಲೆ ಕಿಟಕಿಯ ಬಿಸಿಲು ಬರಣಿಯ ಮೇಲೆ ಬಿತ್ತು. ಹೊರಗೆ ಬಿಳಿಜೋಳದ ಹೊಲಗಳು ಹಿಂದೆ ಹಿಂದೆ ಸರಿಯುತ್ತಿದ್ದವು. ಮೀನು ತೆನೆಗಳ ಮೇಲೆಯೇ ಈಜಿಕೊಂಡು ಹೋದಂತೆ ಕಂಡಿತು. ಬಸ್ಸಿಗೆ ಬಸ್ಸೇ ಕತ್ತು ಚಾಚಿ ನೋಡಿತು.

ಪಕ್ಕದಲ್ಲಿ ಕೂತಿದ್ದ ಮುದುಕಿ ಕೇಳಿದಳು: “ಎಲ್ಲೀದೋ ತಮ್ಮಾ ಇದು?”

“ಸಮುದ್ರದ್ದು, ಆಯಿ. ಇನ್ನ ಸಾವಕಾರ್ರ ಅಂಗಡ್ಯಾಗ ರಾಣಿ ಹಂಗ ಇರ್ತೈತಿ.”

“ಇದರ ಜೋಡಿ ಯಾರೂ ಇರಲಿಲ್ಲೇನು?”

“ಇನ್ನೊಂದಿತ್ತರಿ. ಬಲಿ ತನಕ ಬೆನ್ನ ಹತ್ತಿ ಬಂದಿತ್ತು.”

“ಹೆಣ್ಣ ತರಾಕ ಹೋದ್ರ ತವರಮನಿಯವರನ್ನ ಕೇಳ್ತೀವಿ. ಇದರ ತವರಿನವರನ್ನ ಕೇಳಿದ್ಯೇನೋ ಭಾಡ್ಯಾ?”

ಮುಂದಿನ ಸ್ಟ್ಯಾಂಡಿನಲ್ಲಿ ಇಳಿದೆ, ಎದುರಿನ ಬಸ್ಸು ಹತ್ತಿದೆ, ಮರುದಿನ ಅದೇ ಬಂಡೆಯ ಹತ್ತಿರ ಬರಣಿ ಬಗ್ಗಿಸಿದೆ. ಜೋಡಿ ಮೀನು ಅಲ್ಲೇ ಕಾಯುತ್ತಿತ್ತು.

ಇದರಲ್ಲಿ ಒಂದು ಸಣ್ಣ ಸಂಗತಿಯನ್ನಷ್ಟೇ ನಾನು ಸೇರಿಸಿದ್ದು: ಬಸ್ಸಿನಿಂದ ಇಳಿದದ್ದು. ಬಸ್ಸು ಇಂಡಿಗೆ ಹೋಯಿತು, ನಾನೂ ಹೋದೆ. ಮೀನು ಮೂರು ದಿನ ಬದುಕಿತ್ತು.